ಬ್ಯಾಡಗಿ ಮಂದಿ ನಂಬಿದ ಮೂಗು

ದೇವರು ಮೂಗನ್ನು ಮುಖದ ನಟ್ಟನಡುವೆ ಇಟ್ಟಿದ್ದು ಹತ್ತು ಮಂದಿಗೆ ಕಾಣಲೆಂದೇ ಇರಬೇಕು. ಆದರೆ ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ಕಾಣುವುದಿಲ್ಲ. ಈ ಒಂದು ಅನುಕೂಲದಿಂದಲೇ ನಾನು ಒಂದು ವರ್ಷದಿಂದ ಮರ್ಯಾದೆ ಉಳಿಸಿಕೊಂಡು ಬಂದಿದ್ದೇನೆ.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಾಸ್ತಾನಿಡುವ ವಖಾರಿ ಸೇರಿದವನು ನಾನು. ಒಂದು ಕಾಯಿ ಮುರಿದು ಮೂಸಿದರೆ ಸಾಕು, ರಾಶಿಯ ತಳದಲ್ಲಿ ಬೂಷ್ಟು ಹಿಡಿದಿದೆಯೋ ಇಲ್ಲವೋ ಹೇಳುತ್ತಿದ್ದೆ. ಓದಿದವರೂ ನನ್ನ ಮೂಗಿನ ಮಾತಿಗೆ ಕಾಯುತ್ತಿದ್ದರು. ಕಾಯಿ ಆರಿಸುವ ಹೆಂಗಸರು ಸೆರಗಿನಿಂದ ಮೂಗು ಕಟ್ಟಿಕೊಂಡು ಕೂಡುತ್ತಿದ್ದರು. ನಾನು ಆ ಘಾಟಿನಲ್ಲೇ ಮೀಸೆ ತಿರುವುತ್ತ ನಿಲ್ಲುತ್ತಿದ್ದೆ. ಬಂದ ಸೀನನ್ನೂ ನುಂಗುತ್ತಿದ್ದೆ. ಮೂಗಿನೊಳಗೆ ಬಾವು ಬಂದು, ಹೋಗುವುದನ್ನೇ ಮರೆತಿತ್ತು.

"ಮೂಗಿಗೆ ಒಂದ್ ಅರಿವಿ ಕಟ್ಕೋರಿ," ಎಂದು ಹೆಂಡತಿ ಗೌರವ್ವ ಬೇಡಿಕೊಂಡಳು. "ನಿಮ್ಮ ಗೊರಕಿಗೆ ಓಣ್ಯಾಗಿನ ನಾಯಿ ಸುದ್ದಾ ಹೆದರತಾವು."

"ಅರಿವಿ ಕಟ್ಟಿದ್ರ ಕಾಯಿ ಹೆಂಗ ತಿಳೀತೈತಿ? ನೀ ರೊಟ್ಟಿ ಬಡಿ," ಎಂದಿದ್ದೆ.

ಕೊನೆಗೊಂದು ದಿನ ಮುರಿದ ಕಾಯಿ ನನ್ನೊಡನೆ ಮಾತಾಡಲಿಲ್ಲ. ಇನ್ನೊಂದು ಮುರಿದೆ, ಅದೂ ಮೂಕ. ಯಾರಿಗೂ ಹೇಳದೆ ಹಾವೇರಿಯ ಡಾಕ್ಟರರಲ್ಲಿಗೆ ಹೋದೆ.

"ಎಷ್ಟ್ ವರ್ಷದ ಬಾವು ಇದು?"

"ಹತ್ತಾಗಿರಬೇಕ್ರಿ. ಆದ್ರ ನೋವೇನೂ ಇದ್ದಿಲ್ರಿ."

"ನೋವಿಲ್ಲಂತ ನೀವು ಬಿಟ್ರಿ, ಅದು ನಿಮ್ಮನ್ನ ಬಿಡಲಿಲ್ಲ. ವಾಸನಿ ತಿರುಗಿ ಬರೂದು ಸಂಶಯ ಐತಿ. ಇನ್ನೂ ಹಿಂಗ ಧೂಳ ಕುಡದ್ರ ಎದೀಗೂ ಇಳೀತೈತಿ."

ಮರುದಿನ ವಖಾರಿಯಲ್ಲಿ, "ಇನ್ನ ಹೊಸಬರು ಕಲೀಲಿ," ಎಂದು ದೊಡ್ಡ ಮನಸ್ಸು ತೋರಿಸಿ ತೂಕದ ಕೆಲಸಕ್ಕೆ ಸರಿದೆ. ಎಲ್ಲರೂ ಹೊಗಳಿದರು. ಹೊಗಳಿಕೆ ಒಳಗೆ ಚುಚ್ಚಿತು.

ಮೊನ್ನೆ, ರಾಣೆಬೆನ್ನೂರಿಗೆ ಕೊಟ್ಟ ಮಗಳು ಬಾಣಂತನಕ್ಕೆ ಬಂದವಳು, ನೀರೆರೆದು ಲೋಬಾನದ ಹೊಗೆ ಹಾಕಿದ ಕೂಸನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೌರವ್ವ ಬಂದವಳೇ ಮೂಗು ಮುಚ್ಚಿಕೊಂಡಳು.

"ಅಯ್ಯ ಶಿವನೇ! ಕೂಸು ಹೊಲಸು ಮಾಡಿ ಮನಿಯೆಲ್ಲಾ ನಾರಾಕತ್ತೇತಿ, ಆರಾಮ ಕುಂತೀರಲ್ಲ!"

"ನನ್ನ ಮೊಮ್ಮಗಂದು. ನನಗೇನ್ ಹೊಲಸ ಅನಸೂದಿಲ್ಲ," ಎಂದೆ ಗತ್ತಿನಿಂದ.

"ನೋಡವಾ, ಮೊಮ್ಮಗನ ಮ್ಯಾಲೆ ನಿಮ್ಮಪ್ಪನ ಮಾಯಾ!" ಎಂದು ಅವಳು ಮಗಳನ್ನು ಕರೆದಳು. ಮಗಳ ಕಣ್ಣು ತುಂಬಿ ಬಂತು. ಸುಳ್ಳಿಗೆ ಇಷ್ಟು ಕೀರ್ತಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ತೊಳೆದು ತಂದ ಕೂಸಿನ ನೆತ್ತಿಯನ್ನು, ಯಾರೂ ಇಲ್ಲದಾಗ ಮೂಸಿದೆ. ಹಾಲು, ಎಣ್ಣೆ, ಲೋಬಾನ ಎಲ್ಲ ಅಲ್ಲಿಯೇ ಇರಬೇಕು. ನನಗೆ ಏನೂ ಸಿಗಲಿಲ್ಲ. ಇನ್ನೊಮ್ಮೆ ಮೂಸಿದೆ. ಮೀಸೆ ತಾಗಿತೇನೋ, ಕೂಸು ಕಿಲಕಿಲ ನಕ್ಕಿತು. ಮತ್ತೆ ಮತ್ತೆ ಮೂಸಿದೆ. ಈಗ ನನ್ನ ಮೂಗಿಗೆ ಉಳಿದಿರುವ ಕೆಲಸ ಇದೊಂದೇ.