ಹದಿನಾರು ಡಿಗ್ರಿಯ ಶರತ್ಕಾಲ

ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕುವೈತಿನ ಮಂದಿಯ ಮನೆಗಳನ್ನೆಲ್ಲ ತಂಪು ಮಾಡುತ್ತ ಎಸಿ ಮೆಕ್ಯಾನಿಕ್ ಭರಮಣ್ಣ ತಾನು ಮಾತ್ರ ಬೆಂದುಹೋಗಿದ್ದ. ಹಾಗಾಗಿ ಅಕ್ಟೋಬರಿನ ಮೊದಲ ಶುಕ್ರವಾರವನ್ನು, ಅಂದರೆ ಆ ದೇಶದ ವಾರದ ರಜೆಯನ್ನು, ಅವನು ಬೇಸಿಗೆ ನಡುವಿನಲ್ಲೇ ತನಗಾಗಿ ಕಾದಿರಿಸಿಕೊಂಡಿದ್ದ. ಅಂದು ಮಲಗಬೇಕು, ಊಟಕ್ಕೆ ಎದ್ದು ಮತ್ತೆ ಮಲಗಬೇಕು, ಎಸಿ ಎಂಬ ಎರಡಕ್ಷರ ಯಾರ ಬಾಯಿಂದಲೂ ಬೀಳಕೂಡದು. ಇಷ್ಟೇ ಆಸೆ. ಅದಕ್ಕೂ ಕಲ್ಲು ಬಿತ್ತು.

ಹಾಕಿದವಳು ಧರ್ಮಪತ್ನಿ ಅನ್ನಪೂರ್ಣೆವ್ವ. ಅವಳ ಮೊಬೈಲಿನಲ್ಲಿ ಯಾವುದೋ ದೇಶದ ಹೆಂಗಸರು ಸ್ವೆಟರ್ ತೊಟ್ಟು, ಎಲೆ ಉದುರುವ ಮರದ ಕೆಳಗೆ ಕೂತು, ಹಬೆಯಾಡುವ ಸೇಬಿನ ರಸ ಹೀರುತ್ತಿದ್ದರು. ನೋಡಿದ್ದೇ ತಡ, ರಿಗ್ಗೈ ಬಡಾವಣೆಯ ತಮ್ಮ ಫ್ಲ್ಯಾಟಿಗೂ ಶರತ್ಕಾಲವನ್ನು ಬರಮಾಡಿಕೊಳ್ಳುವುದೆಂದು ಅವಳು ತೀರ್ಮಾನಿಸಿದಳು. ಪಕ್ಕದ ಮನೆಯ ರೋಹಿದಾಸ ದಂಪತಿಗೂ ಮೇಲಿನ ಮಹಡಿಯ ರಾನ್ಸನ್ ದಂಪತಿಗೂ ಆಹ್ವಾನ ಹೋಯಿತು. ಸ್ವೆಟರ್ ಕಡ್ಡಾಯ.

"ಹೊರಗ ನಲವತ್ತು ಡಿಗ್ರಿ ಐತಿ," ಎಂದ ಭರಮಣ್ಣ. "ಎಲಿ ಉದುರೋ ಕಾಲಂತ. ಈ ದೇಶದಾಗ ಏನ್ ಉದುರತೈತಿ? ಕೆಳಗಿರೋ ಖರ್ಜೂರದ ಗಿಡ ಒಂದು ಎಲಿನೂ ಬಿಟ್ಟುಕೊಡಂಗಿಲ್ಲ."

"ಅಪ್ಪಾ, ಇಟ್ಸ್ ಎ ಥೀಮ್," ಎಂದಳು ಮಗಳು ಸಾಕ್ಷಿ, ಮೊಬೈಲಿನಿಂದ ತಲೆ ಎತ್ತದೆ.

"ಥೀಮೋ ಗೀಮೋ, ಇಷ್ಟು ಬಿಸಿ ಕುಡದ್ರ ಮಂದಿ ಬೆವರತಾರ."

"ಅದಕ್ಕ ನೀವು ಅದೀರಲ್ಲ. ಎಸಿ ಹದಿನಾರಕ್ಕ ಇಡ್ರಿ," ಎಂದಳು ಅನ್ನಪೂರ್ಣೆವ್ವ.

ಬಿತ್ತು, ಎರಡಕ್ಷರ. ಅವನು ತಜ್ಞನ ಗಾಂಭೀರ್ಯದಿಂದ, ಹಾಗೆ ಇಟ್ಟರೆ ಒಳಗೆ ಮಂಜು ಕಟ್ಟಿ ಗಾಳಿ ನಿಲ್ಲುತ್ತದೆ ಎಂದು ವಿವರಿಸಿದ.

"ಫಿಲ್ಟರ್ ಸ್ವಚ್ಛ ಇದ್ರ ಯಾಕ ಕಟ್ಟತೈತಿ? ಯುಗಾದಿಯಿಂದ ತೊಳೀರಿ ತೊಳೀರಿ ಅಂತ ಬಡಕೊಳ್ಳಾಕತ್ತೀನಿ."

"ನಿನ್ನೆ ಮೊನ್ನೆ ತೊಳದಂಗೈತಿ," ಎಂದು ಗೊಣಗಿ ಅವನು ರಿಮೋಟ್ ಒತ್ತಿ ಮಲಗಲು ಹೋದ. (ತೊಳೆದಿದ್ದ, ನಿಜ. ಆದರೆ ಅದು ರೋಹಿದಾಸನ ಮನೆಯದು.)

ನಿದ್ದೆ ಹತ್ತುವ ಹೊತ್ತಿಗೆ ಸರಿಯಾಗಿ ಬಾಗಿಲ ಗಂಟೆ ಸದ್ದು ಮಾಡಿತು. ರೋಹಿದಾಸ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ರಾನ್ಸನ್ ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. ಭರಮಣ್ಣನಿಗೂ ಊರಿನಿಂದ ತಂದ ಸ್ವೆಟರ್ ತೊಡಿಸಿ ಕೂರಿಸಲಾಯಿತು. ಸೇಬು, ದಾಲ್ಚಿನ್ನಿ, ಲವಂಗ, ಬೆಲ್ಲ ಹಾಕಿ ಕುದಿಸಿದ ರಸ ಬಂತು. ಅವನು ಅದನ್ನು ಬೆಳಗಿನಿಂದ ಕಷಾಯವೆಂದು ಜರಿದಿದ್ದ. ಹಾಳಾದ್ದು, ರುಚಿಯಾಗಿತ್ತು. ಎರಡನೇ ಲೋಟ ಕೇಳುವುದಕ್ಕೆ ಮಾನ ಅಡ್ಡ ಬಂತು.

ಸೇಬಿನ ಹೋಳಿಗೆ ಖಾಲಿಯಾಗಿ, ತುಪ್ಪ ತೇಲುವ ಸೇಬಿನ ಶಿರಾದ ದೊಡ್ಡ ಪಾತ್ರೆ ಮೇಜಿಗೆ ಬಂದಾಗ ಎಸಿ ಒಮ್ಮೆ ಕೆಮ್ಮಿತು. ಆಮೇಲೆ ಗಾಳಿ ನಿಂತಿತು.

ಸ್ವಲ್ಪ ಹೊತ್ತು ಎಲ್ಲರೂ ಸಭ್ಯತೆಯಿಂದ ಬೆವರಿದರು. ಫೋಟೋ ಇನ್ನೂ ತೆಗೆದಿರಲಿಲ್ಲವಾದ್ದರಿಂದ ಸ್ವೆಟರ್ ಬಿಚ್ಚುವಂತಿರಲಿಲ್ಲ. ರೋಹಿದಾಸನ ಮೂಗಿನ ತುದಿಯಿಂದ ಹನಿಯೊಂದು ಲೋಟಕ್ಕೆ ಬಿತ್ತು. ಅನ್ನಪೂರ್ಣೆವ್ವ ಗಂಡನತ್ತ ನೋಡಿದಳು. ಆ ನೋಟಕ್ಕೆ ಭರಮಣ್ಣ ಮೇಜಿನ ಪಕ್ಕಕ್ಕೆ, ಎಸಿಯ ಕೆಳಗೆ, ಸ್ಟೂಲು ಎಳೆದು ಹತ್ತಿದ.

"ಗ್ಯಾಸ್ ಕಡಿಮಿ ಆಗಿರಬೇಕು," ಎಂದ, ಎಲ್ಲರಿಗೂ ಕೇಳುವಂತೆ.

"ಮೊದಲು ಫಿಲ್ಟರ್ ತೆಗೀರಿ," ಎಂದಳು ಹೆಂಡತಿ.

ತೆಗೆಯದೆ ಗತ್ಯಂತರವಿರಲಿಲ್ಲ. ಮುಚ್ಚಳ ಎತ್ತಿ ಜಗ್ಗಿದ. ಬರಲಿಲ್ಲ. ಸಿಟ್ಟಿನಿಂದ ಇನ್ನೊಮ್ಮೆ ಜಗ್ಗಿದ. ಒಂದು ಇಡೀ ಬೇಸಿಗೆಯ ಮರಳುಗಾಳಿಯ ಧೂಳು ಅದರಲ್ಲಿ ಕಂಬಳಿಯಂತೆ ಕೂತಿತ್ತು. ಅದು ಹಾಳೆ ಹಾಳೆಯಾಗಿ ಎದ್ದು, ಕಂದು ಬಣ್ಣದ ಚೂರುಗಳಾಗಿ, ಗಾಳಿಯಲ್ಲಿ ತೂರಾಡುತ್ತ ನಿಧಾನವಾಗಿ ಇಳಿಯಿತು. ರಾನ್ಸನ್‌ನ ಟೋಪಿಯ ಮೇಲೆ, ರೋಹಿದಾಸನ ಕೋಟಿನ ಮೇಲೆ, ಉಳಿದದ್ದೆಲ್ಲ ಸೇಬಿನ ಶಿರಾದ ಮೇಲೆ.

"ಅಪ್ಪಾ, ಉದುರತೈತಿ ನೋಡು," ಎಂದಳು ಸಾಕ್ಷಿ. ಅಷ್ಟು ಅಚ್ಚ ಕನ್ನಡದಲ್ಲಿ ಅವಳು ಮಾತಾಡಿದ್ದು ಆ ವರ್ಷ ಅದೇ ಮೊದಲು. ಕೈಯಲ್ಲಿದ್ದ ಮೊಬೈಲಿನಲ್ಲಿ ಫೋಟೋವೂ ತೆಗೆದಾಗಿತ್ತು.

ರೋಹಿದಾಸ ಕೋಟು ಕೊಡವಿಕೊಂಡ. "ಅಲ್ಲ ಭರಮಣ್ಣ, ಫಿಲ್ಟರ್ ತೊಳೆಯಲಿಕ್ಕೆ ಆಗದವರು ಎಸಿ ಯಾಕೆ ಇಟ್ಟುಕೊಳ್ಳುವುದು ಅಂತ ನನಗೆ ಬೈದದ್ದು ನೀವೇ ಅಲ್ವಾ ಮಾರಾಯ್ರೆ?"

ಅನ್ನಪೂರ್ಣೆವ್ವ ಶಿರಾದ ಪಾತ್ರೆಯನ್ನೇ ನೋಡುತ್ತ ನಿಂತಳು. ಬೆಳಗಿನಿಂದ ಹೆರೆದ ಸೇಬು ಅದರಲ್ಲಿತ್ತು. ಅವಳ ಕಣ್ಣು ತುಂಬಿದ್ದನ್ನು ಕಂಡು ಭರಮಣ್ಣ ಫಿಲ್ಟರನ್ನು ಬೆನ್ನ ಹಿಂದೆ ಸರಿಸಿದ. ಆದರೆ ಅವಳು ಬೇಗ ಸುಧಾರಿಸಿಕೊಂಡಳು.

"ಕರೆದು ಶಿರಾ ತಿನ್ನಿಸಿ ಕಳಸಾಕ ಆಗಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು. "ಮುಂದಿನ ಶುಕ್ರವಾರ ಇವರು ನಿಮ್ಮ ಎರಡೂ ಮನಿಗೆ ಬಂದು ಎಸಿ ಪೂರ್ತಿ ತೊಳದು ಕೊಡ್ತಾರ."

ಭರಮಣ್ಣ ಬಾಯಿ ತೆರೆದ. ಕೈಯಲ್ಲಿದ್ದ ಫಿಲ್ಟರಿನಿಂದ ಇನ್ನೊಂದು ಚೂರು ಉದುರಿತು. ಬಾಯಿ ಮುಚ್ಚಿಕೊಂಡ.

ಹೊರಡುವಾಗ ರಾನ್ಸನ್ ಟೋಪಿ ತೆಗೆದು, ತೀರ ಪ್ರೀತಿಯಿಂದ ಹೇಳಿದ: "ಆದಷ್ಟು ಬೆಳಿಗ್ಗೆಯೇ ಬನ್ನಿ ಮಾರಾಯ್ರೆ. ಊಟ ಆದ ಮೇಲೆ ನಾವು ಸ್ವಲ್ಪ ಮಲಗ್ತೇವೆ. ಶುಕ್ರವಾರ ಅಲ್ವಾ."