ಹರಳಿನ ಬಾಯಿಗೆ ಕುಕ್ಕೆ

ಕಳೆದ ಸೋಮವಾರ ಬೆಳಿಗ್ಗೆ ಅಜ್ಜಂಪುರದ ನಮ್ಮ ಅಕ್ಕನ ಕೊಟ್ಟಿಗೆಯಲ್ಲಿ ಕರು ಹರಳೆಣ್ಣೆ ತೆಗೆದ ಹಿಂಡಿ ತಿಂದಿತು. ಇದರಲ್ಲಿ ಸುದ್ದಿ ಏನು ಅಂತೀರಾ? ಹರಳಿನ ವಿಷಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಹೆದರುವ ಮನುಷ್ಯ ಇರುವುದು ಅದೇ ಮನೆಯಲ್ಲಿ. ಅವರು ನಮ್ಮ ಭಾವ!

ಭಾವ ವಿಜ್ಞಾನಿ. ಹರಳು ಬೀಜದ ವಿಷ ಜೀವಕೋಶದೊಳಗೆ ನುಗ್ಗಿ, ಪ್ರೋಟೀನ್ ತಯಾರಾಗುವ ಜಾಗವನ್ನೇ ಕಚ್ಚಿ ಕೆಡಿಸುತ್ತದಂತೆ. ಅದರ ಬಾಯಿಗೆ ಸರಿಯಾಗಿ ಕೂರುವ ಪುಟ್ಟ ಅಣುವೊಂದನ್ನು ರೂಪಿಸುವುದು ಇವರ ಕೆಲಸ.

"ಒಕ್ಕಣೇಲಿ ಎತ್ತು ಕಾಳು ತಿನ್ನದಂಗೆ ಬಾಯಿಗೆ ಕುಕ್ಕೆ ಕಟ್ತಾರಲ್ಲ, ಹಂಗೆ ಕಣೋ."

"ಕಟ್ಟಿದ್ದಾಯ್ತಾ ಭಾವ?"

"ಕಂಪ್ಯೂಟರಲ್ಲಿ ಕೂರುತ್ತೆ, ಲ್ಯಾಬಲ್ಲಿ ಜಾರುತ್ತೆ. ದೊಡ್ಡದು ಮಾಡಿದ್ರೆ ಜೀವಕೋಶದ ಒಳಕ್ಕೇ ಹೋಗಲ್ಲ!"

ನನಗೆ ಹೆಣ್ಣು ನೋಡಲು ಹಿರೇನಲ್ಲೂರಿಗೆ ಹೋದಾಗ, ಹೊಲದ ಬದುವಿನಲ್ಲಿ ಹರಳು ಗಿಡ ಕಂಡಿತ್ತು. ಮನೆಯೊಳಗೆ ಕೂತವರೇ ಭಾವ, ಆ ಬೀಜ ಅಗಿದರೆ ಕರುಳಿಗೆ ಏನಾಗುತ್ತದೆಂದು ವಿವರಿಸತೊಡಗಿದರು. ಹುಡುಗಿಯ ತಂದೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು.

"ಏನಪ್ಪಾ, ಹೆಣ್ಣು ನೋಡಕ್ ಬಂದ್ರೋ, ಹರಳು ನೋಡಕ್ ಬಂದ್ರೋ?"

ಸಂಬಂಧ ಅಲ್ಲಿಗೇ ನಿಂತಿತು.

ಇಂಥವರ ಮನೆಗೆ ತೆಂಗಿನ ಗೊಬ್ಬರಕ್ಕೆಂದು ಹರಳು ಹಿಂಡಿ ಬಂತು. ಎಣ್ಣೆ ತೆಗೆದ ಮೇಲೆ ವಿಷ ಉಳಿಯುವುದು ಹಿಂಡಿಯಲ್ಲೇ. ಚೀಲ ತೂತಾಗಿ ಪುಡಿ ಸೋರುತ್ತಿತ್ತು. ಭಾವ ಬಿಡುತ್ತಾರೆಯೇ? ಮೂಗಿಗೆ ಬಟ್ಟೆ ಕಟ್ಟಿಕೊಂಡು, ಎಲ್ಲವನ್ನೂ ಗಟ್ಟಿಯಾದೊಂದು ಖಾಲಿ ಬೂಸಾ ಚೀಲಕ್ಕೆ ಸುರಿದರು. ಎಚ್ಚರಿಕೆಗೆಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ಚಿತ್ರವನ್ನೂ ಬರೆದರು. ತಲೆಬುರುಡೆಯದಲ್ಲ, ಆ ವಿಷದ ರಚನೆಯದು, ಸುರುಳಿ ಸುರುಳಿಯಾಗಿ!

ಅಕ್ಕ ಬೂಸಾ ಅಂದುಕೊಂಡು ಕಲಸಿ ಕರುವಿಗೆ ಇಟ್ಟಳು.

"ಬೂಸಾ ಚೀಲದ್ ಮೇಲೆ ಜಿಲೇಬಿ ಬರ್ದಿದ್ರೆ ಯಾರ್ರೀ ವಿಷ ಅಂತಾರೆ?" ಎಂದು ಅಳುತ್ತಲೇ ಕೂಗಾಡಿದಳು.

ಮಧ್ಯಾಹ್ನದ ಹೊತ್ತಿಗೆ ಕರು ಮಲಗಿಬಿಟ್ಟಿತು. ತರೀಕೆರೆಯಿಂದ ಬಂದ ಪಶುವೈದ್ಯರು ಡ್ರಿಪ್ ಹಾಕಿದರು.

"ಈ ವಿಷಕ್ಕೇ ಅಂತ ಮದ್ದಿಲ್ಲ ಸಾರ್."

"ಗೊತ್ತು ಡಾಕ್ಟ್ರೇ," ಎಂದರು ಭಾವ. "ಅದನ್ನೇ ಮಾಡ್ತಿದೀನಿ."

ಆಮೇಲೆ ಭಾವ ಸಗಣಿ ನೆಲದ ಮೇಲೇ ಕುಳಿತು ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅಕ್ಕ ಬೈಯುವುದನ್ನು ನಿಲ್ಲಿಸಿ, ಡ್ರಿಪ್ ಬಾಟಲಿಯನ್ನು ಎತ್ತಿ ಹಿಡಿದು ಅವರ ಪಕ್ಕದಲ್ಲೇ ನಿಂತಳು.

ಇವತ್ತು ಬೆಳಿಗ್ಗೆ ಅಕ್ಕನ ಫೋನ್ ಬಂದಿತ್ತು. ಕರು ಎದ್ದು ನಿಂತಿದೆ. ಒಂದಿಷ್ಟು ನೀರು ಕುಡಿದಿದೆ. ಮೇವು ಇನ್ನೂ ಮುಟ್ಟಿಲ್ಲ. ಭಾವ ಕೊಟ್ಟಿಗೆಯಲ್ಲೇ ಇದ್ದಾರೆ.