ಡಬರಿಯಾದ ಸಂಶೋಧನೆ

ಶಿವಯೋಗಿ: ಮೂರು ವರ್ಷದ ಸಂಶೋಧನೆ ಕೊಟ್ಟು ಒಂದು ಸ್ಟೀಲ್ ಡಬರಿ ತಗೊಂಡಿಯಾ?

ಐಶ್ವರ್ಯಾ: ಸಂಶೋಧನೆ ಎಲ್ಲಿ ಕೊಟ್ಟೇನ್ರಿ? ಹರಕ ಅರಿವಿ ಗಂಟು ಕೊಟ್ಟೇನಿ.

ಶಿವಯೋಗಿ: ಅದ ಸಂಶೋಧನೆ!

ಐಶ್ವರ್ಯಾ: ಹಂಗಂತ ಮದವಿಗೆ ಮೊದಲ ಹೇಳಬೇಕಿಲ್ಲೇನ್ರಿ? ನಮ್ಮಪ್ಪ ನೀವು ಏನೋ ದೊಡ್ಡ ಕೆಲಸದಾಗ ಇದ್ದೀರಿ ಅಂತ ತಿಳಕೊಂಡು ಕೊಟ್ಟಾನ.

ಬೆಟಗೇರಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಥಳಥಳಿಸುತ್ತಿದ್ದ ಡಬರಿಯನ್ನು, ಮುಚ್ಚಳವಿರುವ ಆ ಪಾತ್ರೆಯನ್ನು, ಶಿವಯೋಗಿ ಸಿಕ್ಕಿಬಿದ್ದ ಕಳ್ಳನನ್ನು ನೋಡುವಂತೆ ನೋಡಿದ. ವಿಶ್ವವಿದ್ಯಾಲಯದಲ್ಲಿ ಅವನು ತಾತ್ಕಾಲಿಕ ಸಂಶೋಧಕ. ಧೋತರ ಜೋಳಿಗೆಯಾಗಿ, ಜೋಳಿಗೆ ಒರೆಸುವ ಅರಿವೆಯಾಗಿ, ಒಂದು ಬಟ್ಟೆ ಒಂದು ಮನೆಯಲ್ಲಿ ಎಷ್ಟು ಜನ್ಮ ಎತ್ತುತ್ತದೆ ಎಂಬುದು ಅವನ ವಿಷಯ. ಸೊರಟೂರ, ಕಣಗಿನಹಾಳದ ಮನೆಮನೆ ತಿರುಗಿ, ಬೇಡಿ ಬೇಡಿ ತಂದ ಬಟ್ಟೆಗಳವು. ಬಳಸಿದ್ದನ್ನೇ ಮತ್ತೆ ಬಳಸುವ ವರ್ತುಲ ಆರ್ಥಿಕತೆ, ಸುಸ್ಥಿರತೆಗಳಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ಬಲ ಎಷ್ಟಿದೆಯೆಂದು ನೋಡಲು ಮರುದಿನ ಸಮಿತಿ ಬರುವುದಿತ್ತು. ಅವರು ಮೆಚ್ಚಿದರೆ ಅವನ ನೌಕರಿ ಕಾಯಂ; ಇಲ್ಲದಿದ್ದರೆ ಅವನೂ ಹಳೆಯ ಬಟ್ಟೆಯೇ.

ಶಿವಯೋಗಿ: ಎಲ್ಲಿ ಹೋದ್ಲು ಆ ಬಾಂಡೆ ಮಾರಾಕಿ?

ಐಶ್ವರ್ಯಾ: ರಹಿಮತಬಿನ? ಆಗಲೇ ಮುಂಡರಗಿ ಬಸ್ ಹತ್ತಿದ್ಲು.

ಶಿವಯೋಗಿ: ಒಂದೊಂದು ಅರಿವಿಗೂ ನಂಬರಿನ ಚೀಟಿ ಹಚ್ಚಿದ್ದೆ. ಕಣ್ಣಿಗೆ ಬೀಳಲಿಲ್ಲೇನು?

ಐಶ್ವರ್ಯಾ: ನನಗೂ ಬಿದ್ವು, ಅಕಿಗೂ ಬಿದ್ವು. 'ಇಸ್ತ್ರಿ ಅಂಗಡ್ಯಾಗಿಂದ ಬಂದ ಅರಿವಿ, ಛಲೋ ಮನಿತನದವರು' ಅಂತ ಚೌಕಾಶಿ ಮಾಡದನ ದೊಡ್ಡ ಡಬರಿನ ಕೊಟ್ಲು. ನಿಮ್ಮ ಚೀಟಿ ಬಾಳ ಉಪಯೋಗ ಆದ್ವು ನೋಡ್ರಿ.

ಶಿವಯೋಗಿ: ನಾಳೆ ಸಮಿತಿಯವರಿಗೆ ಏನ ತೋರಿಸ್ಲಿ? ನನ್ನ ಮಾರಿ?

ಐಶ್ವರ್ಯಾ: ಆ ಫ್ಲೆಕ್ಸ್ ಐತಲ್ರಿ, ಗೇಟಿನಷ್ಟು ದೊಡ್ಡದು? 'ಪ್ಲಾಸ್ಟಿಕ್ ಬಿಡಿ' ಅಂತ ಪ್ಲಾಸ್ಟಿಕ್ ಮ್ಯಾಲೆನ ಬರಸೀರಿ.

ಶಿವಯೋಗಿ: ಅದು ಮ್ಯಾಲಿನವರು ಹೇಳಿ ಮಾಡಿಸಿದ್ದು.

ಐಶ್ವರ್ಯಾ: ಮಳಿಗೆ ನೆನಿಯೂದಿಲ್ಲ, ಮಣ್ಣಾಗ ಹುಗದರೂ ಕೊಳಿಯೂದಿಲ್ಲ. ಸುಸ್ಥಿರ ಅಂದ್ರ ಅದ ಅಲ್ಲೇನ್ರಿ?

ಶಿವಯೋಗಿ ತಲೆ ಹಿಡಿದುಕೊಂಡು ಕುಳಿತ. ಎದುರಿಗೆ ಡಬರಿ. ಅದರ ಹೊಟ್ಟೆಯಲ್ಲಿ ಅವನದೇ ಮುಖ, ಎರಡರಷ್ಟು ಅಗಲವಾಗಿ. ಏನೋ ಹೊಳೆದಂತಾಗಿ ತಟ್ಟನೆ ಎದ್ದು ನಿಂತ.

ಶಿವಯೋಗಿ: ಐಶೂ, ಡಬರಿನ ಒಯ್ತೀನಿ! 'ಹಳೇ ಅರಿವಿ ಹೊಸ ಸಾಮಾನಾಗಿ ಮನಿಗೆ ಬಂತು' ಅಂತ ಬರದು ಮೇಜಿನ ಮ್ಯಾಲೆ ಇಟ್ಟುಬಿಡ್ತೀನಿ. ಅರಿವಿ ಯಾಕ ಬೇಕು? ಅದರ ಫಲಾನ ಇಲ್ಲೈತಿ!

ಐಶ್ವರ್ಯಾ: ಹಾಂ, ಇದು ಓದಿದವರ ಮಾತು. ಆದ್ರ ಸಂಜೀಕ ಡಬರಿ ತಿರುಗಿ ಮನಿಗೆ ಬರಬೇಕು. ವರ್ತುಲ ಅಂದ್ರ ಅಷ್ಟ ನನಗ ತಿಳಿದಿದ್ದು.

ಶಿವಯೋಗಿ: ಬರ್ತೈತಿ ಮಾರಾಯ್ತಿ! ನೀ ನನ್ನ ಕರೇ ಕೋಟ್ ಇಸ್ತ್ರಿ ಮಾಡಿಡು. ಸಮಿತಿ ಮುಂದ ಮದುಮಗನಂಗ ನಿಂದ್ರಬೇಕು ನಾ.

ಐಶ್ವರ್ಯಾ ಡಬರಿಯ ಮುಚ್ಚಳ ತೆಗೆದುಕೊಂಡು, ಇಲ್ಲದ ಧೂಳನ್ನು ಸೆರಗಿನಿಂದ ಒರೆಸತೊಡಗಿದಳು.

ಶಿವಯೋಗಿ: ಕೇಳಸ್ತೇನು? ಕೋಟ್!

ಐಶ್ವರ್ಯಾ: ಡಬರಿಗೆ ಅರಿವಿ ಗಂಟ ಸಾಕಾತ್ರಿ. ಮುಚ್ಚಳಾ ಮಾತ್ರ ಅಕಿ ಸುಮ್ಮನ ಕೊಡಲಿಲ್ಲ.